ಯಾರೂ ಕಡಿಯದ ಕಾಯಿ

ಟೀ ಕೊಟ್ಟು ಮಾತಾಡಿಸುವವರನ್ನು ನಾನು ನಂಬುವುದಿಲ್ಲ. ಇದು ಹುಟ್ಟುಗುಣವಲ್ಲ, ಮಗಳನ್ನು ಶಾಲೆಗೆ ಸೇರಿಸಲು ಓಡಾಡಿದ ದಿನಗಳಲ್ಲಿ ಅಂಟಿಕೊಂಡದ್ದು. ಆಗ ನಾವು ಹೊಳಲ್ಕೆರೆಯಲ್ಲಿದ್ದೆವು. ಯಜಮಾನರು ಬೇರೆಯವರ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು, ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಮಗಳಿಗೆ ಆರು ತುಂಬಿತ್ತು. ಹುಟ್ಟುವಾಗ ಉಸಿರು ತಡವಾಗಿ ಬಂದದ್ದರಿಂದ ಅವಳ ಕೈಕಾಲು ಅವಳ ಮಾತು ಕೇಳುವುದಿಲ್ಲ. ಗೋಡೆ ಹಿಡಿದು ನಡೆಯುತ್ತಾಳೆ, ಬಲಗೈ ನಡುಗುತ್ತದೆ, ಮಾತು ಬಾಯೊಳಗೇ ಹೊರಳಿ ಅರ್ಧ ಮಾತ್ರ ಹೊರಗೆ ಬರುತ್ತದೆ.

ಅಲ್ಲಿನ ಒಂದು ಕಾನ್ವೆಂಟಿಗೆ ಅವಳನ್ನು ಕರೆದುಕೊಂಡು ಹೋದೆ. ಎಷ್ಟು ಚೆನ್ನಾಗಿ ಮಾತಾಡಿಸಿದರು ಅಂತೀರಿ! ಫ್ಯಾನ್ ಹಾಕಿದರು, ಟೀ ತರಿಸಿದರು, ಮಗಳ ಕೈಗೆ ಕ್ರೀಮ್ ಬಿಸ್ಕತ್ತು ಕೊಟ್ಟು ಕೆನ್ನೆ ಸವರಿದರು. ನಾನು ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ, “ನಮ್ಮಲ್ಲಿ ಇಂಥ ಮಕ್ಕಳಿಗೆ ಸೌಲಭ್ಯ ಇಲ್ಲಮ್ಮ, ನಿಮ್ಮ ಮಗುವಿಗೇ ತೊಂದರೆ” ಎಂದರು. ಇನ್ನೊಂದು ಶಾಲೆಯಲ್ಲಿ ಬಾದಾಮಿ ಹಾಲನ್ನೇ ಕೊಟ್ಟರು. ಅಲ್ಲೂ ಸೀಟಿಲ್ಲ. ಬೈದು ಮಾತಾಡುವವರು ಕೊನೆಗೆ ಕೆಲಸ ಮಾಡಿಕೊಡುತ್ತಾರೆ, ಉಪಚಾರ ಮಾಡಿದವರು ಬಾಗಿಲ ತನಕ ಬಂದು ಕಳಿಸಿಕೊಡುತ್ತಾರೆ ಎನ್ನುವುದು ನನಗೆ ಆಗಲೇ ಅರ್ಥವಾಯಿತು.

ಚಿತ್ರದುರ್ಗದ ಡಾಕ್ಟರು ಮಗಳ ಮೊಣಕಾಲು ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಬುದ್ಧಿಗೆ ಏನೂ ಆಗಿಲ್ಲ, ಚುರುಕಾಗಿದ್ದಾಳೆ” ಎಂದಿದ್ದರು. ಹೊರಗೆ ಅಷ್ಟುದ್ದ ಸಾಲಿತ್ತು. ಇಷ್ಟು ಬೇಗ ಬುದ್ಧಿ ಅಳೆದರೇ ಎಂದು ಅವರ ಮೇಲೂ ನನಗೆ ಅನುಮಾನ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ: ಮಗಳ ಮೇಲೂ ಇತ್ತು. ನಾನು ಹೇಳಿದ್ದಕ್ಕೆಲ್ಲ ನಗುತ್ತಾಳೆ. ಅದು ತಿಳಿದು ನಗುವ ನಗುವೋ, ನಾನು ನಕ್ಕೆನೆಂದು ನಗುವ ನಗುವೋ ಎಂದು ಹೊಲಿಗೆ ಮೆಷಿನ್ ಮುಂದೆ ಕೂತು ಎಷ್ಟು ಸಲ ಯೋಚಿಸಿದ್ದೇನೋ.

ಆಮೇಲೆ ಯಜಮಾನರು ಜವನಗೊಂಡನಹಳ್ಳಿ ಹತ್ತಿರ, ಹೈವೇ ಪಕ್ಕ, ಸ್ವಂತ ಪಂಕ್ಚರ್ ಅಂಗಡಿ ಹಾಕಿದರು. ಅಲ್ಲೇ ಒಳಗಿನ ಸಣ್ಣ ಹಳ್ಳಿಯಲ್ಲಿ ಮನೆ ಮಾಡಿದೆವು. ಊರಿನ ಸರ್ಕಾರಿ ಶಾಲೆಗೆ ಹೋದಾಗ ಹೆಡ್ ಮೇಷ್ಟ್ರು ಟೀ ಕೊಡಲಿಲ್ಲ, ಕೂರಿ ಎನ್ನಲೂ ಇಲ್ಲ. ಬಿಸಿಯೂಟದ ಬೇಳೆ ಅಳೆಸುತ್ತಾ ನಿಂತಿದ್ದವರು ತಲೆಯೆತ್ತಿ, “ಆಧಾರ್ ಐತಾ? ಸರಿ, ಒಳಗೆ ಕುಂಡ್ರಿಸಿ ಹೋಗ್ರಿ” ಎಂದರು. ಆ ಮಾತಿಗೆ ನಾನು ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ.

ಮೊದಲ ವರ್ಷ ಹೇಗೋ ಕಳೆಯಿತು. ನಲಿ-ಕಲಿ ತರಗತಿ, ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಿದ್ದರು. ಮಗಳು ಗೋಡೆಗೊರಗಿ ಅವರ ಜೊತೆ ಕೂರುತ್ತಿದ್ದಳು. ಆದರೆ ಬರಬರುತ್ತ ಎಲ್ಲರೂ ಒಳ್ಳೆಯವರಾಗತೊಡಗಿದರು, ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ಯಾರೂ ಅವಳಿಗೆ ಗದರುವುದಿಲ್ಲ. ಸ್ಲೇಟಿನಲ್ಲಿ ಏನು ಗೀಚಿದರೂ ಮಿಸ್ಸು “ವೆರಿ ಗುಡ್” ಎನ್ನುತ್ತಾರೆ. ಬಾಳೆಹಣ್ಣು ಹಂಚುವ ದಿನ ದೊಡ್ಡ ಹಣ್ಣು ಅವಳಿಗೇ. ಅವಳಿಗೆಂದು ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಿಸಿದರು, ಬಣ್ಣ ಹೊಡೆಸಿದರು, ಅವಳನ್ನು ಅದರ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಮಾರನೆಯ ದಿನ ಹೋಗಿ ನೋಡಿದರೆ ರ‍್ಯಾಂಪಿನ ತುದಿಯಲ್ಲಿ, ನೆರಳಿದೆಯೆಂದು, ಹೆಡ್ ಮೇಷ್ಟರ ಬೈಕು ನಿಂತಿತ್ತು. ಮಗಳನ್ನು ಇಬ್ಬರು ಹುಡುಗಿಯರು ಎಂದಿನಂತೆ ಮೆಟ್ಟಿಲ ಮೇಲೆಯೇ ಎತ್ತಿಕೊಂಡು ಹೋದರು. ಬಟ್ಟೆಯನ್ನು ಒಳಮಗ್ಗುಲು ಮಾಡಿ ಹೊಲಿಗೆ ನೋಡುವುದು ನನ್ನ ಕಸುಬು, ಶಾಲೆಯನ್ನೂ ಹಾಗೇ ನೋಡತೊಡಗಿದೆ.

ಮೂರನೇ ಕ್ಲಾಸಿನಲ್ಲಿ ಶಾಲಾ ವಾರ್ಷಿಕೋತ್ಸವ ಬಂತು. ನಿಂಬೆಹಣ್ಣು ಚಮಚದ ಓಟಕ್ಕೆ ಅವಳನ್ನೂ ಸಾಲಿನಲ್ಲಿ ನಿಲ್ಲಿಸಿದರು. ಸೀಟಿ ಊದಿದರು. ಅವಳ ನಿಂಬೆಹಣ್ಣು ಗೆರೆಯ ಹತ್ತಿರವೇ ಬಿದ್ದು ಉರುಳಿಹೋಯಿತು. ಮಿಸ್ಸಿನ ಕೈ ಹಿಡಿದು, ಬರಿ ಚಮಚ ಕಚ್ಚಿಕೊಂಡು ಅವಳು ಹೊರಟಳು. ಮುಂದೆ ಓಡುತ್ತಿದ್ದ ಮಕ್ಕಳೆಲ್ಲ ಅರ್ಧ ದಾರಿಯಲ್ಲಿ ಒಟ್ಟಿಗೇ ಗಕ್ಕನೆ ನಿಂತವು. ಯಾರೋ ಮೊದಲೇ ಹೇಳಿಕೊಡದೆ ಅಷ್ಟು ಮಕ್ಕಳು ಹಾಗೆ ಒಟ್ಟಿಗೆ ನಿಲ್ಲಲು ಸಾಧ್ಯವೇ? ಅವಳು ಅವರನ್ನೆಲ್ಲ ದಾಟಿ ಗೆರೆ ಮುಟ್ಟುವ ತನಕ ಕಾದು, ಆಮೇಲೆ ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಒಂದು ಸ್ಟೀಲ್ ಡಬ್ಬಿ. ಸಂಜೆಯೊಳಗೆ ಆ ಫೋಟೋ ಊರವರೆಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು.

“ಎಷ್ಟ್ ಒಳ್ಳೆ ಮಕ್ಳು ನೋಡೇ” ಎಂದು ಯಜಮಾನರು ಫೋನ್ ನನ್ನ ಮುಖಕ್ಕೆ ಹಿಡಿದರು.

“ಬಿದ್ದಿದ್ದ ನಿಂಬೆಹಣ್ಣಿಗೂ ಒಂದು ಡಬ್ಬಿ ಕೊಡ್ಬೇಕಿತ್ತು” ಎಂದೆ.

“ನಿನಗೆ ಬೈದ್ರೂ ಸಿಟ್ಟು, ಹೊಗಳಿದ್ರೂ ಸಿಟ್ಟು.”

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಡಬ್ಬಿಗೆ ಅನ್ನ ಹಾಕಲು ನನಗೆ ಮನಸ್ಸಾಗಲಿಲ್ಲ, ಅದರಲ್ಲಿ ಗುಂಡಿ, ಹುಕ್ಕು ಹಾಕಿಟ್ಟೆ.

ಬಿಸಿಲು ಏರುತ್ತಿದ್ದ ದಿನಗಳಲ್ಲಿ ಹೆಡ್ ಮೇಷ್ಟ್ರು ನನ್ನನ್ನು ಶಾಲೆಗೆ ಕರೆಸಿದರು. “ಬರ್ರಿ ಅಮ್ಮ, ಕುಂತ್ಕಳ್ರಿ” ಎಂದು ತಾವೇ ಕುರ್ಚಿ ಎಳೆದರು. ಅಡುಗೆಯವರು ಸ್ಟೀಲ್ ಲೋಟದಲ್ಲಿ ಟೀ ತಂದಿಟ್ಟರು. ಟೀ ನೋಡಿದ್ದೇ ಇದು ಬಾಗಿಲ ತನಕ ಬಂದು ಕಳಿಸಿಕೊಡುವ ಮಾತೆಂದು ತಿಳಿಯಿತು.

“ಏನಿಲ್ಲ, ಸುಮ್ಕೆ ಮಾತಾಡಾಣ ಅಂತ” ಎಂದರು ಮೇಷ್ಟ್ರು. “ಬರೋ ವರ್ಷ ನಾಲ್ಕನೇ ಕ್ಲಾಸು. ಪಾಠ ಜಾಸ್ತಿ ಆಗ್ತಾವೆ. ಇಲ್ಲಿರೋರು ನಾನೂ ಮಿಸ್ಸು ಇಬ್ರೇ. ಮನೇಲೇ ಕಲಿಸೋ ವ್ಯವಸ್ಥೆ ಐತೆ, ಗೃಹಾಧಾರಿತ ಶಿಕ್ಷಣ ಅಂತ. ಹಿರಿಯೂರಿಂದ ಟೀಚರ್ ಮನೇಗೇ ಬಂದು ಹೇಳ್ಕೊಡ್ತಾರೆ. ಮಗು ಬಿಸಿಲಾಗೆ ಬರೋದು ತಪ್ಪತೈತೆ, ನಿಮಗೂ ಅನುಕೂಲ.”

“ಅಂದ್ರೆ ಶಾಲೆಗೆ ಬರೋದು ಬ್ಯಾಡ ಅಂತ.”

“ಛೆ ಛೆ, ಹಂಗಲ್ಲ. ಹೆಸ್ರು ಇಲ್ಲೇ ಇರ್ತೈತೆ. ನಿಮ್ಮಿಷ್ಟ. ರಜೆ ಬಿಡೋದ್ರೊಳಗೆ ಯೋಚ್ನೆ ಮಾಡಿ ಹೇಳ್ರಿ. ಟೀ ಕುಡೀರಿ, ಆರೋಗ್ತೈತೆ.”

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಗೆದ್ದುಬಿಡುತ್ತಿದ್ದೆ. ಟೀ ಮುಟ್ಟದೆ ಎದ್ದು ಬಂದೆ. ಯಜಮಾನರಿಗೆ ಹೇಳಿದರೆ, “ಮನೆಗೇ ಬಂದು ಕಲಿಸ್ತಾರೆ ಅಂದ್ರೆ ಒಳ್ಳೇದೇ ಆಯ್ತಲ್ಲೇ” ಎಂದರು. ಶಾಲೆಯಲ್ಲಿ ಅವಳು ನಿಜವಾಗಿ ಇದ್ದಾಳೆ ಎಂದು ಗೊತ್ತಾದರೆ ಯಾರು ಹೇಳಿದರೂ ಬಿಡಿಸುವವಳಲ್ಲ ನಾನು. ಆದರೆ ಮೂಲೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟುವುದಕ್ಕಷ್ಟೇ ಅವಳು ಬೇಕಾಗಿದ್ದರೆ? ಆಗ ಮನೆಯೇ ವಾಸಿ. ನನಗೆ ಗೊತ್ತಾಗಬೇಕಾಗಿದ್ದದ್ದು ಅದೊಂದೇ.

ಆಗಾಗ ಹಿರಿಯೂರಿನಿಂದ ಒಬ್ಬ ಟೀಚರ್ ಬರುತ್ತಿದ್ದರು, ಇಂಥ ಮಕ್ಕಳಿಗೆಂದೇ ಊರೂರಿನ ಶಾಲೆಗಳನ್ನು ಸುತ್ತುವವರು. ಮಗಳ ಕೈಗೆ ಒಳ್ಳೆಯ ಅಭ್ಯಾಸ, ಲೆಕ್ಕವೂ ಬರುತ್ತದೆ ಎಂದು ಅವರು ಶಾಲೆಯ ಜಗಲಿಯ ಮೇಲೆ ಚೌಕಾಬಾರದ ಮನೆ ಬರೆಸಿದ್ದರು. ಊಟದ ಬಿಡುವಿನಲ್ಲಿ ಮೂರನೇ ಕ್ಲಾಸಿನ ಹುಡುಗಿಯರು ಅಲ್ಲಿ ಆಡುತ್ತಿದ್ದರು, ಮಗಳೂ ಕೂರುತ್ತಿದ್ದಳು. ದಾಳದ ಬದಲಿನ ಹುಣಸೆ ಬೀಜವನ್ನು ಅವಳೇ ಹಾಕುತ್ತಿದ್ದಳು, ಕಾಯಿ ನಡೆಸುವುದಕ್ಕೆ ಪಕ್ಕದವಳು ಸಹಾಯ ಮಾಡುತ್ತಿದ್ದಳು. ದಿನಾ ಮನೆಗೆ ಬಂದು ಒಂದೇ ಮಾತು: ನಾನೇ ಗೆದ್ದೆ. ಸೋಮವಾರವೂ ಅವಳೇ, ಮಂಗಳವಾರವೂ ಅವಳೇ.

ಅದೃಷ್ಟದ ಆಟದಲ್ಲಿ ದಿನಾ ಒಬ್ಬರೇ ಗೆಲ್ಲುವುದುಂಟೇ? ಈ ಗೆಲುವು ನನಗೆ ಗೊತ್ತಿತ್ತು. ಹೊಸದುರ್ಗದ ನಮ್ಮ ತವರಿನಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ ಕೂತು, ದೊಡ್ಡಮ್ಮನ ಮಕ್ಕಳ ಜೊತೆ ನಾನೂ ಹೀಗೇ ದಿನಾ ಗೆಲ್ಲುತ್ತಿದ್ದೆ. ನಾನೇ ಎಲ್ಲರಿಗಿಂತ ಚಿಕ್ಕವಳು. ಆಟದಲ್ಲಿ ನನ್ನಷ್ಟು ಗಟ್ಟಿಗಿತ್ತಿ ಊರಲ್ಲೇ ಇಲ್ಲ ಎಂದುಕೊಂಡಿದ್ದೆ. ಒಂದು ದಿನ ನೀರು ಕುಡಿಯಲು ಒಳಗೆ ಹೋದವಳ ಕಿವಿಗೆ ದೊಡ್ಡಕ್ಕನ ಮಾತು ಬಿತ್ತು: “ಸಣ್ಣೋಳ ಕಾಯಿ ಕಡೀಬ್ಯಾಡ್ರಲೇ, ಅತ್ಕೊಂಡು ಹೋಗ್ತಾಳೆ.” ನಮ್ಮ ಕಡೆ ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವುದೇ ಹಾಗೆ. ಬೀಜ ಹಾಕಬಹುದು, ಕೂಗಬಹುದು, ಗೆಲ್ಲಲೂಬಹುದು. ಉಳಿದವರ ನಿಜವಾದ ಆಟ ಅವರ ತಲೆಯ ಮೇಲೆ ನಡೆಯುತ್ತಿರುತ್ತದೆ. ಅಲ್ಲಿಯ ತನಕ ನಾನು ಗೆದ್ದಿದ್ದೆಲ್ಲ ಆ ಒಂದು ಮಾತಿಗೆ ಸುಳ್ಳಾಯಿತು. ಆ ಅವಮಾನ ಇವತ್ತಿಗೂ ಬಿಸಿಯಾಗಿಯೇ ಇದೆ.

ಒಂದು ಸಂಜೆ ಮೆಷಿನ್ ಮುಚ್ಚಿ, ನೆಲದ ಮೇಲೆ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದೆ. ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಬೆಳ್ಳಗಾಗುವ ತನಕ ಕಲ್ಲಿಗೆ ಉಜ್ಜಿದೆ. ಎಷ್ಟು ಬಿಳಿ ಬೀಳುತ್ತದೋ ಅಷ್ಟು ಮನೆ ಮುಂದೆ. ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಸೇರಿದರೆ ಕಾಯಿ ಹಣ್ಣಾಗುತ್ತದೆ. ದಾರಿಯಲ್ಲಿ ಎದುರಾಳಿಯ ಕಾಯಿ ಇರುವ ಮನೆಗೇ ನಮ್ಮದು ಬಂದರೆ ಅದನ್ನು ಕಡಿದಂತೆ, ಅದು ಹೊರಟಲ್ಲಿಗೇ ವಾಪಸ್ಸು. ಯಾರದಾದರೂ ಒಂದು ಕಾಯಿ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ.

ಗುಂಡಿಗಳನ್ನೇ ಕಾಯಿ ಮಾಡಿಕೊಂಡು ಆಡಿದೆವು. ಬೀಜ ಬಿದ್ದ ಕೂಡಲೇ ಅವಳು ಎಣಿಸಿ ಹೇಳುತ್ತಿದ್ದಳು, ಒಂದು ಸಲವೂ ತಪ್ಪಲಿಲ್ಲ. ಅದಕ್ಕೆ ಖುಷಿಪಡುವಷ್ಟರಲ್ಲಿ, ಅವಳ ಕೆಂಪು ಗುಂಡಿ ಹೊರಸುತ್ತು ಮುಗಿಸಿ ಸೀದಾ ಒಳಕ್ಕೆ ನಡೆಯಿತು. ಅವಳು ಏನನ್ನೂ ಕಡಿದಿರಲಿಲ್ಲ.

“ಯಾರು ಹೇಳಿದ್ರು ಹಿಂಗೆ ಒಳಗೆ ಹೋಗಬೋದು ಅಂತ?” ಎಂದೆ.

ಎಲ್ಲರೂ ಬಿಡುತ್ತಾರೆ ಎಂದಳು. ನಾನು ಬೀಜ ಹಾಕಿದೆ. ಎರಡು ಬೀಳಬೇಕಿತ್ತು, ಎರಡೇ ಬಿತ್ತು. ಅವಳ ಇನ್ನೊಂದು ಗುಂಡಿಯನ್ನು ಕಡಿದು ಎತ್ತಿ, ಹೊರಟ ಜಾಗಕ್ಕೆ ಇಟ್ಟೆ. ಅವಳು ನನ್ನ ಕೈಯನ್ನೇ ನೋಡಿದಳು. ಅಳಲಿಲ್ಲ. ಅವಳ ಮುಖದಲ್ಲಿದ್ದದ್ದು ಬರಿ ಆಶ್ಚರ್ಯ. ಕಾಯಿಗೆ ಹೀಗೂ ಆಗುತ್ತದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ದಿನಗಳ ಆಟದಲ್ಲಿ ಅವಳ ಒಂದು ಕಾಯಿಯನ್ನೂ ಯಾರೂ ಕಡಿದಿರಲಿಲ್ಲ.

ನನ್ನ ಅನುಮಾನ ನಿಜವಾದ ಸಂಜೆ ಅದು. ನಿಜವಾಯಿತಲ್ಲ ಎಂಬ ಸಮಾಧಾನವೂ ಆಗಲಿಲ್ಲ, ಗುಂಡಿಗಳನ್ನು ಡಬ್ಬಿಗೆ ತುಂಬಲು ಹೋದೆ. ಅವಳು ಮಾತ್ರ ಬಿಡಲಿಲ್ಲ. ಕಡಿಯುವುದು ಹೇಗೆ, ಯಾವ ಮನೆಯಲ್ಲಿದ್ದರೆ ಕಡಿಯುವಂತಿಲ್ಲ, ಎಲ್ಲವನ್ನೂ ಮತ್ತೆ ಮತ್ತೆ ಕೇಳಿದಳು. ಹೇಳಿಕೊಟ್ಟೆ. ಊಟಕ್ಕೆ ಎಬ್ಬಿಸುವಷ್ಟರಲ್ಲಿ ನನ್ನ ಕಾಯಿಯೊಂದನ್ನು ಕಡಿದು, ಹಲ್ಲು ಬಿಟ್ಟು ನಕ್ಕಳು. ಇನ್ನು ಶಾಲೆ ಸಾಕು, ಮನೆಯಲ್ಲೇ ಕಲಿಯಲಿ ಎಂದು ನಾನು ಒಳಗೊಳಗೇ ತೀರ್ಮಾನಿಸಿದ್ದೆ. ಮನೆಯಲ್ಲಿ ಸೋತರೂ ಅದು ಅವಳ ಸ್ವಂತ ಸೋಲು.

ಕೂಡಲೇ ಹೋಗಿ ಹೇಳಲು ಆಗಲಿಲ್ಲ, ಮದುವೆ ಮನೆಯ ಬ್ಲೌಸುಗಳು ಬಾಕಿಯಿದ್ದವು. ಆ ವಾರದಲ್ಲಿ ಮಗಳು ಗೆದ್ದ ಸುದ್ದಿ ಹೇಳುವುದನ್ನು ನಿಲ್ಲಿಸಿದಳು. ಒಂದು ದಿನ ಮುಖ ಊದಿಸಿಕೊಂಡು ಬಂದಳು, ಇನ್ನೊಂದು ದಿನ ಕಣ್ಣು ಕೆಂಪಗಿತ್ತು. ಕೇಳಿದರೆ ಬಾಯಿ ಬಿಡಲಿಲ್ಲ. ನನಗೆ ಕೇಳಬೇಕೇ? ಮನೆಗೆ ಕಳಿಸುವುದು ಖಾತ್ರಿಯಾದ ಮೇಲೆ ಈಗಿನಿಂದಲೇ ಆಟದಿಂದಲೂ ತೆಗೆದಿದ್ದಾರೆ ಎಂದುಕೊಂಡೆ. ಕೊನೆಯ ಬ್ಲೌಸಿಗೆ ಹುಕ್ಕು ಹಾಕಿದವಳೇ ಚಪ್ಪಲಿ ಮೆಟ್ಟಿ ಹೊರಟೆ. ದಾರಿಯಲ್ಲಿ ಮೇಷ್ಟರಿಗೆ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೆ. ಟೀ ತಂದರೆ ಏನು ಹೇಳಬೇಕೆನ್ನುವುದನ್ನೂ.

ಊಟದ ಬಿಡುವು. ಗೇಟಿನ ಹತ್ತಿರವೇ ಗಲಾಟೆ ಕೇಳಿಸಿತು. ಜಗಲಿಯ ಮೇಲೆ ಚೌಕಾಬಾರದ ಸುತ್ತ ಹುಡುಗಿಯರು ಮುಗಿಬಿದ್ದಿದ್ದರು. ನಡುವೆ ನನ್ನ ಮಗಳು, ಕೂದಲೆಲ್ಲ ಕೆದರಿ, ಬೀಜಗಳನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದಳು. ಎದುರಿಗೆ ಎರಡು ಜಡೆಯ ಒಬ್ಬ ಹುಡುಗಿ, ದಿನಾ ಅವಳನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವವಳು, ಬೆರಳು ತೋರಿಸಿ ಕೂಗುತ್ತಿದ್ದಳು.

“ಮೋಸ! ಮೋಸ ಮಾಡ್ತಾಳೆ ಇವ್ಳು! ಬೀಜ ಕೊಡೇ!”

ಬಿಸಿಲಿನಲ್ಲಿ ನಡೆದು ಬಂದಿದ್ದ ನನ್ನ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಹೆಡ್ ಮೇಷ್ಟ್ರು ಆಫೀಸಿನಿಂದ ಹೊರಗೆ ಬಂದು ನನ್ನನ್ನು ನೋಡಿಬಿಟ್ಟರು. ಅವರ ಮುಖ ಸಣ್ಣದಾಯಿತು. “ಏಯ್, ಬುದ್ಧಿ ಐತಾ ನಿಮಗೆ? ಪಾಪದ ಮಗೀಗೆ ಹಂಗನ್ನೋದಾ? ಸಾರಿ ಕೇಳ್ರಿ. ಅವ್ಳೇ ಗೆದ್ಲು ಅಂತ ಬಿಟ್ಬಿಡ್ರಿ” ಎಂದು ಹುಡುಗಿಯರಿಗೆ ಗದರಿದರು.

“ಯಾಕ್ ಸಾ ಬಿಡ್ಬೇಕು?” ಎರಡು ಜಡೆಯವಳು ಎದ್ದೇ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. “ಮೊದ್ಲು ಬಿಡ್ತಿದ್ವಿ. ಸೋಮವಾರ ಬಂದು ನಂದು ಎರಡು ಕಾಯಿ ಕಡಿದ್ಲು. ಅವ್ಳು ಕಡೀತಾಳೆ ಅಂದ್ರೆ ನಾವೂ ಕಡೀತೀವಿ. ಈಗ ನೋಡ್ರಿ, ಕೈ ನಡುಗ್ತೈತೆ ಅನ್ನೋ ನೆಪದಾಗೆ ಬೀಜ ತಿರುವಿ ಹಾಕ್ತಾಳೆ! ಬೇಕಾದಾಗೆಲ್ಲ ಅವ್ಳಿಗೆ ಮೂರು ಬೀಳ್ತೈತೆ!”

ಮಗಳ ಮೇಲೆ ಅನುಮಾನ! ಹುಟ್ಟಿದಾಗಿನಿಂದ ಅವಳನ್ನು ಅಯ್ಯೋ ಪಾಪ ಎಂದವರಿದ್ದಾರೆ, ದೇವರ ಮಗು ಎಂದವರಿದ್ದಾರೆ. ಮೋಸ ಮಾಡುತ್ತಾಳೆ ಎಂದು ಅವಳ ಕೈಯ ಮೇಲೆ ಕಣ್ಣಿಟ್ಟು ಕಾದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

“ಆಂಟಿ, ನೀವೇ ನೋಡ್ರಿ” ಎಂದು ಹುಡುಗಿ ನನ್ನ ಸೆರಗು ಹಿಡಿದು ಜಗ್ಗಿದಳು.

ಬಗ್ಗಿ ಕೂತೆ. ಮೇಷ್ಟ್ರು “ಬಿಡ್ರಿ ಅಮ್ಮ, ಮಕ್ಳ ಮಾತಿಗೆಲ್ಲ” ಎನ್ನುತ್ತಲೇ ಇದ್ದರು. ಮಗಳು ನನ್ನ ಕಡೆ ಒಂದು ಸಲ ನೋಡಿ, ಬೀಜ ಹಾಕಿದಳು. ಕೈ ನಡುಗಿತು. ಬೀಜಗಳು ಚೆದುರಿ ಬಿದ್ದವು, ಎರಡು ಬಿಳಿ, ಎರಡು ಕಪ್ಪು. ಕೈ ಇನ್ನೂ ನಡುಗುತ್ತಲೇ ಹಿಂದಕ್ಕೆ ಹೋಗುವಾಗ ಕಿರುಬೆರಳು ಅಂಚಿನ ಬೀಜವೊಂದನ್ನು ಸವರಿತು, ಕಪ್ಪು ಬೀಜ ಬಿಳಿಯಾಯಿತು. ಮೂರು. ಅವಳ ಕೈ ನಿಜವಾಗಿ ಹೇಗೆ ನಡುಗುತ್ತದೆ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕಿರುಬೆರಳು ನಡುಗಿದ್ದಲ್ಲ. ಅವಳ ಮುಖ ನೋಡಿದೆ. ಎಷ್ಟು ಮುಗ್ಧವಾಗಿ ಮಾಡಿಕೊಂಡಿದ್ದಳೆಂದರೆ, ಎಲ್ಲವೂ ತಿಳಿದವರಲ್ಲದೆ ಬೇರೆ ಯಾರಿಗೂ ಅಂಥ ಮುಖ ಮಾಡಲು ಬರುವುದಿಲ್ಲ. ಚಿತ್ರದುರ್ಗದ ಡಾಕ್ಟರು ನೆನಪಾದರು. ಅವಸರದಲ್ಲಿ ಹೇಳಿದ್ದರೂ ಸರಿಯಾಗಿಯೇ ಹೇಳಿದ್ದರು.

“ಹೌದು. ಮೋಸ ಮಾಡಿದ್ಲು. ನಾನೇ ನೋಡಿದೆ” ಎಂದೆ.

ಹುಡುಗಿಯರು ಹೋ ಎಂದು ಕೂಗಿದರು. ಮಗಳು ನನ್ನನ್ನು ನುಂಗುವಂತೆ ನೋಡಿ, ಅಮ್ಮ ಎಂದೂ ಅನ್ನದೆ ಮುಖ ತಿರುಗಿಸಿದಳು. ಎರಡು ಜಡೆಯವಳು ಬೀಜಗಳನ್ನು ಒಟ್ಟುಮಾಡಿ ಅವಳ ಅಂಗೈಗೆ ಹಾಕಿ, “ಎತ್ರದಿಂದ ಹಾಕ್ಬೇಕು, ಹಾಕಿದ್ ಮ್ಯಾಕೆ ಕೈ ಮಡಿಲಾಗೆ ಇಟ್ಕಬೇಕು” ಎಂದು ಹೊಸ ನಿಯಮ ಮಾಡಿದಳು. ಮಗಳು ಹಾಕಿದಳು. ಒಂದೇ ಬಿತ್ತು. ಎರಡು ಜಡೆಯವಳಿಗೆ ಚೌಕ ಬಿತ್ತು, ನಾಲ್ಕೂ ಬಿಳಿ. ಹಣ್ಣಾಗಲು ಎರಡೇ ಮನೆ ಬಾಕಿಯಿದ್ದ ಮಗಳ ಕಾಯಿಯನ್ನು ಅವಳು ಸ್ವಲ್ಪವೂ ಕನಿಕರವಿಲ್ಲದೆ ಕಡಿದು, ಎತ್ತಿ, ಹೊರಟ ಜಾಗದಲ್ಲಿ ಟಪ್ಪೆಂದು ಇಟ್ಟಳು. ಮಗಳು ನೆಲ ಬಡಿದುಕೊಂಡು ಅತ್ತಳು. ಯಾರೂ ಆಟ ನಿಲ್ಲಿಸಲಿಲ್ಲ. “ಬೇಗ ಅತ್ತು ಮುಗ್ಸೇ, ಗಂಟೆ ಹೊಡೀತಾರೆ” ಎಂದಳೊಬ್ಬಳು.

ನಾನು ಎದ್ದು ನಿಂತೆ.

“ಬರ್ರಿ ಅಮ್ಮ, ಒಳಗೆ ಕುಂತ್ಕಳ್ರಿ” ಎಂದರು ಮೇಷ್ಟ್ರು. ಮಗಳು ಅಳುತ್ತಿರುವುದನ್ನೂ ನನ್ನ ಕಣ್ಣು ತುಂಬಿದ್ದನ್ನೂ ನೋಡಿ ಅವರು ಹೆದರಿದ್ದರು. “ಇದಕ್ಕೇ ನಾನು ಹೇಳಿದ್ದು, ಮನೇಲಾದ್ರೆ ಈ ತಾಪತ್ರಯ ಇರಾಕಿಲ್ಲ ಅಂತ. ಒಂದು ಟೀ ತರಿಸ್ಲಾ?”

“ಟೀ ಬ್ಯಾಡ ಸಾ” ಎಂದೆ. “ನಾಲ್ಕನೇ ಕ್ಲಾಸಿಗೂ ಇಲ್ಲೇ ಬರ್ತಾಳೆ. ನಿಮ್ ಬೈಕು ರ‍್ಯಾಂಪ್ ಮೇಲಿಂದ ತಗೀರಿ.”

ಅವರು ಬೈಕಿನ ಕಡೆಗೂ ನನ್ನ ಕಡೆಗೂ ನೋಡಿದರು. ಹಿಂದೆ ಜಗಲಿಯ ಮೇಲೆ ಅಳು ನಿಂತಿತ್ತು. ಹುಣಸೆ ಬೀಜ ನೆಲಕ್ಕೆ ಬಿದ್ದ ಸದ್ದು, ಅದರ ಹಿಂದೆಯೇ ಎರಡು ಜಡೆಯವಳ ದನಿ: “ಏಯ್, ಕೈ! ಕೈ ಎಲ್ಲೈತೆ ತೋರ್ಸು!”